ರಸಮಟ್ಟ ಮತ್ತು ಹನ್ನೆರಡು ಕಡ್ಡಿ

ನನ್ನ ಬೆನ್ನ ಹಿಂದೆ ಒಂದು ಮನೆ ಅಟ್ಟಿಸಿಕೊಂಡು ಬರುತ್ತಿತ್ತು.

ತಮಾಷೆಯಲ್ಲ. ಒಲೆ, ಎರಡು ಹಾಸಿಗೆ, ಟಾಯ್ಲೆಟ್ ಎಲ್ಲ ಇರುವ ಮೂರೂವರೆ ಟನ್ನಿನ ಮೋಟರ್‌ಹೋಮ್. ನಾನು ಸೈಕಲ್ ಮೇಲಿದ್ದೆ. ಕಡಿದಾದ ಇಳಿಜಾರು. ನನಗೆ ವಯಸ್ಸು ಐವತ್ನಾಲ್ಕು, ನನ್ನ ಎಡ ಮೊಣಕಾಲಿಗೆ ಇನ್ನೂ ಹತ್ತು ಜಾಸ್ತಿ. ಬೆನ್ನಿಗೆ ಕಟ್ಟಿಕೊಂಡ ಒದ್ದೆ ಟವಲಿನಿಂದ ತಣ್ಣೀರು ಸೊಂಟಕ್ಕೆ ಇಳಿಯುತ್ತಿತ್ತು.

ಟವಲಿನೊಳಗೆ ಹನ್ನೆರಡು ಬೋಳು ಕಡ್ಡಿ. ಪೆನ್ಸಿಲ್ ದಪ್ಪ. ಅವಕ್ಕಾಗಿ ಒಬ್ಬ ನನ್ನನ್ನು ರಸ್ತೆಗೆ ಅಂಟಿಸಲು ಹೊರಟಿದ್ದ...

ಇರಿ, ಮೊದಲಿಂದ ಹೇಳುತ್ತೇನೆ.

ಪತ್ತೇದಾರಿ ನನ್ನ ಕಸುಬು. ಹೆಂಡತಿಗೆ ಮೊದಲ ಸಲ ಮಾತು ಕೊಟ್ಟಿದ್ದೆ. ಹತ್ತು ದಿನ ರಜೆ, ಒಂದೂ ಕೇಸಿಲ್ಲ. ಬಾಡಿಗೆ ಮೋಟರ್‌ಹೋಮ್, ಅದರ ಬೆನ್ನಿಗೆ ಎರಡು ಸೈಕಲ್. ಹಗಲು ನದಿ ದಂಡೆಯ ಹಾದಿಯಲ್ಲಿ ಸವಾರಿ, ಸಂಜೆ ಒಂದೊಂದು ವೈನರಿ. ಮೂರು ದಿನ ಚೆನ್ನಾಗಿಯೇ ಕಳೆಯಿತು, ಹಾಲಿನ ವಿಷಯ ಒಂದು ಬಿಟ್ಟು.

ಮೋಟರ್‌ಹೋಮಿನ ಗ್ಯಾಸ್ ಫ್ರಿಜ್‌ಗೆ ಭಾರಿ ಜಂಬ. ಗಾಡಿ ಒಂದು ಕಡೆ ವಾಲಿ ನಿಂತರೆ ಅದು ತಣ್ಣಗಾಗುವುದಿಲ್ಲ. ಚಕ್ರದಡಿ ಬೆಣೆ ಕೊಟ್ಟು, ಗಾಡಿಯೊಳಗಿನ ನೆಲದ ಮೇಲೆ ರಸಮಟ್ಟ ಇಟ್ಟು, ಅದರ ಗುಳ್ಳೆ ನಟ್ಟನಡುವೆ ಬರುವವರೆಗೆ ಒದ್ದಾಡಬೇಕು. ನಾನು ಒದ್ದಾಡಲಿಲ್ಲ. ಹಾಲು ದಿನಾ ಒಡೆಯಿತು. ಹೆಂಡತಿ ದಿನಾ ಬೈದಳು.

ಕ್ಯಾಂಪಿನಲ್ಲಿ ನಮ್ಮ ಪಕ್ಕದ ಗಾಡಿ ಒಬ್ಬ ಗಡ್ಡದವನದು. ಒಂಟಿ ಮನುಷ್ಯ, ತಾನು ವೈನ್ ಪಂಡಿತ ಎಂದು ಹೇಳಿಕೊಳ್ಳುತ್ತಿದ್ದ. ಅವನೂ ನನ್ನ ಹಾಗೆಯೇ, ಗಾಡಿ ಹೇಗೆ ಬಂತೋ ಹಾಗೆ ನಿಲ್ಲಿಸುತ್ತಿದ್ದ.

ನಾಲ್ಕನೇ ಬೆಳಗ್ಗೆ ಕೆಳಗಿನ ವೈನರಿಯ ಅಜ್ಜಿ ನಮ್ಮ ಬಾಗಿಲು ತಟ್ಟಿದರು. ಹಿಂದಿನ ಸಂಜೆ ಅವರಲ್ಲೇ ವೈನ್ ರುಚಿ ನೋಡಿದ್ದೆವು. ನನ್ನ ಕಸುಬು ಏನೆಂದು ಹೆಂಡತಿಯೇ ಬಾಯಿಬಿಟ್ಟಿದ್ದಳು ಎಂಬುದನ್ನು ಇಲ್ಲಿ ಒತ್ತಿ ಹೇಳಬಯಸುತ್ತೇನೆ.

ಅಜ್ಜಿಯ ಅತ್ತೆ ನೆಟ್ಟ ಒಂದು ದ್ರಾಕ್ಷಿ ಬಳ್ಳಿ ಇತ್ತಂತೆ. ಆ ರುಚಿ ಬೇರೆಲ್ಲೂ ಇಲ್ಲ. ಈ ವರ್ಷ ಬೇರು ಕೊಳೆತು ಬಳ್ಳಿ ಸತ್ತಿತು. ಸಾಯುವ ಮೊದಲು ಕತ್ತರಿಸಿ ಇಟ್ಟ ಹನ್ನೆರಡು ಕಡ್ಡಿ ಮಾತ್ರ ನೆಲಮಾಳಿಗೆಯ ತಂಪಿನಲ್ಲಿ ಉಳಿದಿದ್ದವು. ಅಂದು ನಾಲ್ಕು ಗಂಟೆಗೆ ಕಸಿ ಕಟ್ಟುವವನು ಬರಬೇಕು. ಬೆಳಗ್ಗೆ ನೋಡಿದರೆ ಕಡ್ಡಿಗಳಿಲ್ಲ. ಯಾರೋ ಹೊಸ ತಳಿ ಎಂದು ತಮ್ಮ ಹೆಸರಿಗೆ ಬರೆಸಿಕೊಳ್ಳಲು ಕದ್ದಿರಬೇಕು ಎಂದು ಅಜ್ಜಿಯ ಅನುಮಾನ. ಕಡ್ಡಿ ಕಳವಾಗಿದೆ ಎಂದು ಫೋನ್ ಮಾಡಿದರೆ ಪೊಲೀಸರು ನಕ್ಕರಂತೆ.

"ಬಿಸಿಲಿಗೆ ಒಣಗಿಬಿಟ್ರೆ ಮುಗೀತು," ಎಂದರು ಅಜ್ಜಿ. "ನಮ್ಮತ್ತೆ ಎರಡನೇ ಸಲ ಸತ್ತ ಹಾಗೆ ಕಣಪ್ಪ."

ನಾನು ಹೆಂಡತಿಯ ಮುಖ ನೋಡಿದೆ. ರಜೆ, ಮಾತು, ಹತ್ತು ದಿನ...

"ನನ್ನನ್ಯಾಕೆ ನೋಡ್ತೀರಿ? ಹುಡುಕಿ," ಎಂದಳು.

ಹುಡುಕುವುದೆಲ್ಲಿ? ಹಿಂದಿನ ಸಂಜೆ ಅಲ್ಲಿಗೆ ಇಪ್ಪತ್ತು ಮಂದಿ ಬಂದಿದ್ದರು. ಅಜ್ಜಿ ಹೋದ ಮೇಲೆ ತಲೆ ಕೆರೆದುಕೊಂಡು ಕೂತೆ. ಹೆಂಡತಿ ಅಂದಿನ ಒಡೆದ ಹಾಲನ್ನು ಚೆಲ್ಲುತ್ತಾ ಎಂದಿನ ಮಂಗಳಾರತಿ ಶುರು ಮಾಡಿದಳು. ಪಕ್ಕದವರನ್ನು ನೋಡಿ ಕಲಿಯಿರಿ, ಬೆಳಗ್ಗೆಯಿಂದ ಮೂರು ಸಲ ರಸಮಟ್ಟ ಇಟ್ಟು ನೋಡಿದರು, ನಿಮಗೇನು ಬಂದಿದೆ ರೋಗ, ಇತ್ಯಾದಿ.

ನಾನು ಕಿಟಕಿಯಿಂದ ಇಣುಕಿದೆ. ಗಡ್ಡದವನು ಹೊಟ್ಟೆ ಅಡಿಯಾಗಿ ಮಲಗಿ ಚಕ್ರಕ್ಕೆ ಬೆಣೆ ಕೊಡುತ್ತಿದ್ದ. ಗಾಡಿಗೇ ಜೋಡಿಸಿದ ಬಟ್ಟೆಯ ಚಪ್ಪರ ಪಕ್ಕಕ್ಕೆ ಬಿಚ್ಚಿಕೊಂಡಿತ್ತು. ಅದರಾಚೆ, ಉರಿಬಿಸಿಲಿನಲ್ಲಿ, ಅವನ ಬಿಯರು, ಬೆಣ್ಣೆ, ಹಾಲು ಎಲ್ಲ ಹೊರಗೆ ಬಿದ್ದಿದ್ದವು.

ಫ್ರಿಜ್‌ಗೆ ಅಷ್ಟು ಸೇವೆ. ಫ್ರಿಜ್‌ನ ಸಾಮಾನು ಮಾತ್ರ ಬೀದಿಪಾಲು.

ಹಾಗಾದರೆ ಒಳಗೆ ಏನಿದೆ?

ಊಟ ಮುಗಿಸಿ ಹೊರಡುತ್ತೇನೆ ಎಂದು ಅವನು ಎಲ್ಲರಿಗೂ ಹೇಳಿಯಾಗಿತ್ತು. ನಾನು ಹೆಂಡತಿಯ ಕಿವಿಯಲ್ಲಿ ಎರಡು ಮಾತು ಹೇಳಿದೆ. ಅವಳು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಅವನ ಬಳಿ ಹೋದಳು.

"ಅಣ್ಣಾ, ನಮ್ಮನೆಯವರಿಗೆ ಇದೆಲ್ಲ ಬರಲ್ಲ. ನಮ್ಮ ಗಾಡೀನೂ ಸ್ವಲ್ಪ ಸರಿ ಮಾಡಿಕೊಡ್ತೀರಾ?"

ನಿನ್ನೆ ಮೊನ್ನೆ ಕಲಿತ ವಿದ್ಯೆಯನ್ನು ಇನ್ನೊಬ್ಬರಿಗೆ ಹೇಳಿಕೊಡುವ ಚಪಲ ಯಾರನ್ನು ಬಿಟ್ಟಿದೆ? ಅವನು ರಸಮಟ್ಟ ಹಿಡಿದು ಬಂದು ನಮ್ಮ ಗಾಡಿಯಡಿ ತೂರಿಕೊಂಡ. ನಾನು ಅವನ ಗಾಡಿಯೊಳಗೆ ತೂರಿಕೊಂಡೆ.

ಫ್ರಿಜ್ ತೆಗೆದೆ. ಒಂದೇ ಒಂದು ಒದ್ದೆ ಟವಲು. ಬಿಚ್ಚಿ ಎಣಿಸಿದೆ. ಹನ್ನೆರಡು! ಬೆನ್ನಿಗೆ ಕಟ್ಟಿಕೊಂಡೆ, ಸೈಕಲ್ ಹತ್ತಿದೆ.

ಕಸುಬಿಗೆ ಇಳಿದಾಗಿನಿಂದ ಬೀಗ ಮುರಿದಿದ್ದೇನೆ, ಗೋಡೆ ಹಾರಿದ್ದೇನೆ, ಸಿಕ್ಕಿಬಿದ್ದಿಲ್ಲ. ಆ ದಿನ ಫ್ರಿಜ್‌ನ ಬಾಗಿಲು ಹಾಕುವುದನ್ನು ಮರೆತೆ. ಅದು ಪೀಂ, ಪೀಂ ಎಂದು ಅರಚಿಕೊಂಡಿತು.

ಹಿಂದೆ ಎಂಜಿನ್ ಗುಡುಗಿತು. ಅಷ್ಟು ಮುದ್ದಿನಿಂದ ಕೊಟ್ಟ ಬೆಣೆಗಳನ್ನು ಅವನು ಬಿಸ್ಕತ್ತಿನ ಹಾಗೆ ಪುಡಿ ಮಾಡಿಕೊಂಡು ಹೊರಟ.

ಈಗ ಇಳಿಜಾರಿಗೆ ಬಂದೆವಲ್ಲ.

ಮೊದಲ ಎರಡು ಕಿಲೋಮೀಟರ್ ಸೈಕಲ್ ಹಾದಿ ನನ್ನನ್ನು ಕಾಪಾಡಿತು. ಆಮೇಲೆ ಹಾದಿ ಡಾಂಬರು ರಸ್ತೆಗೆ ಸೇರಿತು. ಅವನು ಹಾರ್ನ್ ಒತ್ತಿ ಹಿಡಿದಿದ್ದ. ಹ್ಯಾಂಡಲಿನ ಪುಟ್ಟ ಕನ್ನಡಿಯಲ್ಲಿ ನೋಡಿದೆ. ಮೋಟರ್‌ಹೋಮಿಗೆ ಒಂದು ರೆಕ್ಕೆ ಬಂದಿತ್ತು!

ಚಪ್ಪರ! ಆತುರದಲ್ಲಿ ಅದನ್ನು ಮಡಚದೆ ಹಾಗೇ ಬಂದಿದ್ದ. ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಕಬ್ಬಿಣದ ತೋಳುಗಳು ಎರಡೂವರೆ ಮೀಟರ್ ಹೊರಗೆ ಚಾಚಿದ್ದವು.

ಕೆಳಗೆ ಅಜ್ಜಿಯ ವೈನರಿಯ ಗೇಟು ಕಂಡಿತು. ಎರಡು ಕಲ್ಲಿನ ಕಂಬ, ನಡುವೆ ಒಂದು ಲಾರಿ ಹಿಡಿಸುವಷ್ಟು ಜಾಗ. ರೆಕ್ಕೆ ಇಲ್ಲದ ಲಾರಿ. ನಾನು ಬ್ರೇಕಿನಿಂದ ಕೈ ತೆಗೆದೆ, ಮನೆದೇವರನ್ನು ನೆನೆದೆ, ತಲೆ ತಗ್ಗಿಸಿ ನುಗ್ಗಿದೆ.

ಹಿಂದೆ ಎದ್ದ ಸದ್ದನ್ನು ಬಣ್ಣಿಸಲಾರೆ. ಒಂದು ಅಡುಗೆಮನೆಯ ಪಾತ್ರೆಯೆಲ್ಲ ಒಟ್ಟಿಗೆ ಬಿದ್ದ ಹಾಗಿತ್ತು, ಬಿದ್ದದ್ದೂ ಅದೇ. ಚಪ್ಪರ ಕಂಬಕ್ಕೆ ಸಿಕ್ಕಿ, ಗಾಡಿ ಅರ್ಧ ಸುತ್ತು ತಿರುಗಿ, ಚರಂಡಿಯಲ್ಲಿ ಮಗ್ಗುಲಾಗಿ ಬಿತ್ತು. ಗಡ್ಡದವನಿಗೆ ಗಾಯವಿಲ್ಲ. ಬಾಗಿಲು ಆಕಾಶ ನೋಡುತ್ತಿದ್ದುದರಿಂದ ಹೊರಬರಲು ದಾರಿಯೂ ಇಲ್ಲ.

ನಾನು ದ್ರಾಕ್ಷಿ ಸಾಲಿನೊಳಗೆ ಬಿದ್ದಿದ್ದೆ. ಅಜ್ಜಿ ಓಡಿಬಂದು ಮೊದಲು ಟವಲು ಬಿಚ್ಚಿದರು, ಆಮೇಲೆ ನಾನು ಬದುಕಿದ್ದೇನೆಯೇ ಎಂದು ಕೇಳಿದರು. ಹೊತ್ತಿಗೆ ಮೊದಲೇ ಬಂದಿದ್ದ ಕಸಿಯವನು ಒಂದು ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದ. ಒಳಗೆ ಹಸಿರಿದ್ದರೆ ಜೀವ, ಕಂದಾಗಿದ್ದರೆ ಸೌದೆ. ಅಜ್ಜಿ ಉಸಿರು ಹಿಡಿದಿದ್ದರು. ಸುಳ್ಳೇಕೆ, ನಾನೂ ಹಿಡಿದಿದ್ದೆ.

"ಹಸಿರು," ಎಂದ.

ಅಜ್ಜಿ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತರು. ನನ್ನ ಕಣ್ಣಿಗೂ ಧೂಳು ಬಿದ್ದಿತ್ತು ಎಂದು ಬರೆದುಕೊಳ್ಳಿ.

ಅಷ್ಟರಲ್ಲಿ ಹೆಂಡತಿ ನಮ್ಮ ಗಾಡಿ ಓಡಿಸಿಕೊಂಡು ಬಂದಳು. ಇಳಿದು, ಚರಂಡಿಯ ಗಾಡಿಯನ್ನು ಒಂದು ಸುತ್ತು ಹಾಕಿದಳು. ಅವನು ನಮ್ಮಲ್ಲೇ ಬಿಟ್ಟುಹೋದ ರಸಮಟ್ಟವನ್ನು ಅದರ ಬಂಪರಿನ ಮೇಲೆ ಇಟ್ಟು, ಬಗ್ಗಿ ನೋಡಿದಳು.

"ಸ್ವಲ್ಪ ಎಡಕ್ಕೆ ವಾಲಿದೆ, ಅಣ್ಣಾ."

ಈ ಸಲ ಪೊಲೀಸರು ನಗದೆ ಬಂದರು. ಕಸಿ ಬಳ್ಳಿಯ ಮೊದಲ ಗೊಂಚಲು ಮೂರು ವರ್ಷಕ್ಕೆ, ಮೊದಲ ಬಾಟಲಿ ನಮಗೆ ಎಂದು ಮಾತಾಯಿತು. ರಸಮಟ್ಟ ಹೆಂಡತಿಯ ಕೈಚೀಲ ಸೇರಿತು.

ನನ್ನ ಭುಜದಲ್ಲಿ ಒಂದು ಗುಂಡಿನ ಗುರುತಿದೆ, ಪಕ್ಕೆಯಲ್ಲಿ ಎರಡು ಚಾಕುವಿನದು. ಯಾರಿಗೂ ಬಗ್ಗಿದವನಲ್ಲ ನಾನು. ಈಗ ಗಾಡಿ ನಿಂತ ಕಡೆಯೆಲ್ಲ ಮಣ್ಣಿನಲ್ಲಿ ಮಲಗಿ, ಒಂದು ಗುಳ್ಳೆಗಾಗಿ ಕಾಯುತ್ತೇನೆ.