ದೊಡ್ಡಕ್ಷರದ ಪುಸ್ತಕಗಳು

ಗುರುವಾರ ಮಧ್ಯಾಹ್ನ ಲೈಬ್ರರಿ ವ್ಯಾನನ್ನು ಥಾರ್ಸ್‌ಗಿಲ್ ಹಳ್ಳಿಯ ಸಭಾಮನೆಯ ಮುಂದೆ ನಿಲ್ಲಿಸಿದ ಕೂಡಲೇ ವಿನಿಫ್ರೆಡ್ ಮಾಡುತ್ತಿದ್ದ ಮೊದಲ ಕೆಲಸ, ರೂಬೆನ್ ಆಲ್ಡರ್ಸನ್‌ಗೆಂದು ಒಂದು ಪುಸ್ತಕ ತೆಗೆದಿಡುವುದು. ದೊಡ್ಡಕ್ಷರದ್ದು, ಕಣ್ಣು ಮಂಜಾದ ಮುದುಕರಿಗೆಂದೇ ಅಚ್ಚು ಹಾಕಿಸಿದ್ದು.

ಎರಡು ವರ್ಷದ ಹಿಂದೆ ಗುಡ್ಡದಾಚೆಯ ಕಣಿವೆಯಿಂದ ಕುರಿ ನೋಡಿಕೊಳ್ಳಲು ಬಂದವನು ಆತ. ತಲೆ, ಗಡ್ಡ ಎರಡೂ ತೊಳೆದ ಉಣ್ಣೆಯಂತೆ ಬೆಳ್ಳಗೆ. ಮೊದಲ ದಿನ ಅವಳೇ ಅಂಥದೊಂದು ಪುಸ್ತಕ ಕೈಗಿಟ್ಟಿದ್ದಳು. ಆತ ಪುಸ್ತಕವನ್ನು ನೋಡಿದ, ಅವಳನ್ನು ನೋಡಿದ, ಟೋಪಿ ಮುಟ್ಟಿ ಹೊರಟುಹೋದ. ಅಂದಿನಿಂದ ಅದೇ ರೂಢಿಯಾಯಿತು.

ಆ ಟೋಪಿ ಮುಟ್ಟುವ ಚಂದಕ್ಕೆ ಎದೆ ಹಾರಿದಾಗಲೆಲ್ಲ ಮೂವತ್ತೊಂಬತ್ತರ ವಿನಿಫ್ರೆಡ್ ತನಗೆ ತಾನೇ ಗದರಿಕೊಳ್ಳುತ್ತಿದ್ದಳು: 'ಅಪ್ಪನ ಓರಗೆಯವರು ಕಣೇ.' ಕಳೆದ ಸುಗ್ಗಿಯೂಟದ ಕುಣಿತದಲ್ಲಿ ಆತ ಇಡೀ ಸಂಜೆ ಗೋಡೆಗೊರಗಿ ನಿಂತು, ಅವಳತ್ತಲೇ ನೋಡಿ, ಒಂದು ಮಾತೂ ಆಡದೆ ಹೋಗಿದ್ದ. ಹಿರಿಯರ ಬಿಗುಮಾನವೆಂದು ಅವಳು, ಆತ ಕುಣಿಯಲು ಕರೆದಾನೆಂಬ ಆಸೆಯನ್ನೂ ಮಡಿಸಿಟ್ಟಿದ್ದಳು.

ಈ ಗುರುವಾರ ಆತ ಪುಸ್ತಕದ ಜೊತೆಗೆ ತನ್ನ ಲೈಬ್ರರಿ ಚೀಟಿಯನ್ನೂ ಮುಂದಿಟ್ಟ.

"ಇದನ್ನೂ ತಗೊಳ್ಳಿ. ಶನಿವಾರ ಅಕ್ಕನ ಮನೆಗೆ ಹೊರಟೆ. ಅಲ್ಲಿ ಕುರಿ ಮರಿ ಹಾಕೋ ಕಾಲ, ಅವಳಿಗೆ ಕೈ ಸಾಲಲ್ಲ."

"ಆಮೇಲೆ ವಾಪಸ್ ಬರ್ತೀರಲ್ಲ?"

"ಬರೋಕೆ ಇಲ್ಲಿ ಅಂಥಾ ಕಾರಣ ಏನಿದೆ?" ಎಂದು ಆತ ಟೋಪಿಯ ಅಂಚನ್ನು ನೋಡಿದ.

"ಟೀಗಾದ್ರೂ ಒಳಗೆ ಬನ್ನಿ," ಎಂದಳು. "ಇವತ್ತು ಕಾದಂಬರಿ ಮುಗಿಸ್ತೀವಿ."

ಸಭಾಮನೆಯಲ್ಲಿ ಒಲೆಯ ಸುತ್ತ ಆರೇಳು ಹೆಂಗಸರು. ತಟ್ಟೆಗಳಲ್ಲಿ ಹಣ್ಣಿನ ಕೇಕು, ಅದರ ಮೇಲೊಂದು ತುಂಡು ಚೀಸು. ಚಳಿಗಾಲವಿಡೀ ಓದಿದ್ದು ನೂರೈವತ್ತು ವರ್ಷ ಹಳೆಯ ಒಂದು ಪ್ರೇಮಕಾದಂಬರಿ; ಅದರ ದೊಡ್ಡಕ್ಷರದ ಪ್ರತಿಯನ್ನು ವಿನಿಫ್ರೆಡ್ ರೂಬೆನ್‌ಗೂ ಕೊಟ್ಟಿದ್ದಳು. ಅದರ ನಾಯಕ ಮಿಸ್ಟರ್ ಲಿಂಡೇಲ್ ದೊಡ್ಡ ಬಂಗಲೆಯ ಒಡೆಯ. ಮೊದಲ ಕುಣಿತದಲ್ಲೇ ನಾಯಕಿ ಜುಡಿತಳನ್ನು ಕರೆಯದೆ ಗೋಡೆಗೊರಗಿ ನಿಂತವನು. ರಟ್ಟಿನ ಮೇಲಿನ ಚಿತ್ರದಲ್ಲಿ ಅವನ ಕಿವಿಯ ಮೇಲಿನ ಕೂದಲು ನರೆತಿತ್ತು.

"ಸೊಕ್ಕಿನ ಮುದುಕ," ಎಂದಳು ಅಂಚೆಮನೆಯ ಮೇಬಲ್. "ಐವತ್ತಾದ್ರೂ ಆಗಿರ್ಬೇಕು. ಆ ಹುಡುಗೀನ ಸಂತೇಲಿ ಕುರಿ ನೋಡೋ ಹಾಗೆ ನೋಡ್ತಾನೆ."

"ಅವನಿಗೆ ಇಪ್ಪತ್ತೇಳು."

ಎಲ್ಲರೂ ತಿರುಗಿದರು. ಎರಡು ವರ್ಷದಲ್ಲಿ ಈ ಕೋಣೆಯಲ್ಲಿ ರೂಬೆನ್ ಬಾಯಿಬಿಟ್ಟಿದ್ದು ಅದೇ ಮೊದಲು. ಆತ ಮೇಬಲ್ಲಳ ಪುಸ್ತಕ ತೆಗೆದುಕೊಂಡು, ಇರುವೆಸಾಲಿನಂಥ ಅಕ್ಷರಗಳಲ್ಲಿ ಬೆರಳಾಡಿಸಿ ಓದಿದ: ತಂದೆ ತೀರಿದಾಗ ಲಿಂಡೇಲನಿಗೆ ಇಪ್ಪತ್ತೆರಡು; ಅದಾಗಿ ಐದು ವರ್ಷ. "ಒಂದೇ ಸಾಲು. ನೀವೆಲ್ಲ ಕತೆ ಬಿಟ್ಟು ರಟ್ಟು ಓದ್ತಿದೀರಿ."

ಅರವತ್ತು ವರ್ಷ ಕುರಿಗಳ ಬಾಯಿ ನೋಡಿದ್ದ ಡಾರ್ಕಸ್ ಅಜ್ಜಿ ತೊಡೆ ತಟ್ಟಿಕೊಂಡಳು. "ಅದಕ್ಕೇ ಹೇಳೋದು, ಉಣ್ಣೆ ನೋಡಿ ವಯಸ್ಸು ಹೇಳ್ಬಾರ್ದು, ಬಾಯಿ ತೆಗೆಸಿ ಹಲ್ಲು ನೋಡ್ಬೇಕು ಅಂತ! ಐವತ್ತರವನು ಗೋಡೆಗೊರಗಿದ್ರೆ ಸೊಕ್ಕು. ಇಪ್ಪತ್ತೇಳರವನು ಒರಗಿದ್ರೆ ಕಾಲು ನಡುಗ್ತಿದೆ ಅಂತ. ಪಾಪ, ಮರಿ!"

"ಹಾಗಾದ್ರೆ ಬರೆದ ಕಾಗದಾನೆಲ್ಲ ಹರಿದು ಹಾಕಿದ್ದು, ಮಳೇಲಿ ಕುದುರೆ ಓಡಿಸಿದ್ದು..." ಮೇಬಲ್ ಕೆನ್ನೆಗೆ ಕೈಯಿಟ್ಟಳು. "ಅಯ್ಯೋ, ಮೊದಲಿಂದ ಓದ್ಬೇಕಲ್ಲ!"

ವಿನಿಫ್ರೆಡ್ ನಗಲಿಲ್ಲ. ಕನ್ನಡಕವಿಲ್ಲದೆ ಆ ಸಣ್ಣಕ್ಷರ ಓದಿದ ಕಣ್ಣುಗಳನ್ನೇ ನೋಡುತ್ತಿದ್ದಳು.

ಅಜ್ಜಿಯೂ ನೋಡಿದಳು. "ನಿನಗೆಷ್ಟಪ್ಪಾ ರೂಬೆನ್?"

"ನಲವತ್ತು, ಅಜ್ಜಿ. ತಲೆ ಇಪ್ಪತ್ತಾರಕ್ಕೇ ಬೆಳ್ಳಗಾಯ್ತು. ನಮ್ಮಪ್ಪನಿಗೂ ಹಾಗೇ."

ವಿನಿಫ್ರೆಡ್ ಟೀ ಕಪ್ಪು ಕೆಳಗಿಟ್ಟು ಸರಸರನೆ ವ್ಯಾನಿಗೆ ನಡೆದಳು. ಕಿವಿ ಕಾದ ಕಬ್ಬಿಣದಂತಾಗಿತ್ತು. ಆತ ಹಿಂದೆಯೇ ಬಂದು ಮೆಟ್ಟಿಲ ಬಳಿ ನಿಂತ.

"ಎರಡು ವರ್ಷ!" ಎಂದಳು. "ದೊಡ್ಡಕ್ಷರ ಬೇಡ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕಪಾಟು ತೋರಿಸಿ, ನೀವೇ ಆರಿಸ್ಕೊಳ್ಳಿ ಅಂತಿದ್ರಿ. ಸುಮ್ಮನಿದ್ದದ್ದಕ್ಕೆ ನೀವು ಆರಿಸಿಟ್ರಿ."

"ಹೆಣಿಗೆ ಪುಸ್ತಕ ಕೂಡ ಕೊಟ್ಟೆನಲ್ಲ!"

ಆತ ಪ್ಯಾಂಟು ಒಂದಿಷ್ಟು ಎತ್ತಿದ. ಬೂಟಿನ ಮೇಲೆ ಸೊಟ್ಟಗಿನ ನೀಲಿ ಕಾಲುಚೀಲ. "ಕಲಿತೆ."

ತಡೆಯಲಾರದೆ ನಗು ಬಂತು ಅವಳಿಗೆ. "ಸುಗ್ಗಿಯೂಟದ ದಿನ?"

"ಅಜ್ಜಿ ಅಂದದ್ದೇ. ನಲವತ್ತಕ್ಕೂ ನಡುಗುತ್ತೆ."

ಅವಳು ಹೆಗಲ ಶಾಲು ಸರಿಪಡಿಸಿಕೊಂಡಳು. ಸರಿಯಾಗಿಯೇ ಇದ್ದುದನ್ನು ಮತ್ತೊಮ್ಮೆ ಸರಿಪಡಿಸಿಕೊಂಡಳು. "ನೀವು ಅರವತ್ತರವರು ಅಂದ್ಕೊಂಡಿದ್ದಾಗಲೂ ಗುರುವಾರ ಬೆಳಿಗ್ಗೆ ನಾನು ಎರಡು ಸಲ ತಲೆ ಬಾಚ್ಕೊಳ್ತಿದ್ದೆ. ಅದು ನಿಮಗೆ ಗೊತ್ತಿರ್ಲಿ."

ಅಷ್ಟು ಬಿಳಿಯ ಗಡ್ಡಕ್ಕೂ ಆ ಮುಖದ ಕೆಂಪನ್ನು ಮುಚ್ಚಲಾಗಲಿಲ್ಲ.

ಅವಳು ಚೀಟಿಯನ್ನು ಆತನತ್ತ ಹಿಂದಕ್ಕೆ ತಳ್ಳಿ, ಅದೇ ಕಾದಂಬರಿಯ ಸಣ್ಣಕ್ಷರದ ಪ್ರತಿಗೆ ತಾರೀಖಿನ ಮುದ್ರೆ ಒತ್ತಿದಳು. "ಮರಿ ಹಾಕಿ ಮುಗಿಯೋಕೆ?"

"ಆರು ವಾರ."

"ನಾವು ಮೂರು ವಾರಕ್ಕಿಂತ ಹೆಚ್ಚು ದಿನ ಪುಸ್ತಕ ಕೊಡಲ್ಲ. ಮಧ್ಯೆ ಒಂದ್ಸಲ ಬರ್ಬೇಕಾಗುತ್ತೆ."

"ಹನ್ನೆರಡು ಮೈಲಿ ಗುಡ್ಡದ ದಾರಿ."

"ಲಿಂಡೇಲ್ ಕುದುರೆ ಮೇಲೆ ಬಂದಿದ್ದ."

"ನಮ್ಮಕ್ಕನ ಟ್ರ್ಯಾಕ್ಟರ್ ಇದೆ," ಎಂದು ಆತ ಪುಸ್ತಕದ ಜೊತೆಗೆ ಅದನ್ನು ಹಿಡಿದ ಬೆರಳುಗಳನ್ನೂ ಹಿಡಿದುಕೊಂಡ. "ಮೂರು ವಾರ ಯಾಕೆ? ಭಾನುವಾರವೇ ಬರ್ತೀನಿ."

ಸಭಾಮನೆಯ ಕಿಟಕಿ ದಡಾರನೆ ತೆರೆಯಿತು. "ವಿನ್ನೀ!" ಡಾರ್ಕಸ್ ಅಜ್ಜಿಯ ದನಿ ಇಡೀ ಬೀದಿಗೆ ಕೇಳಿಸಿತು. "ಹಲ್ಲು ನೋಡಿದ್ಯೇನೇ?"

ರೂಬೆನ್ ತಲೆ ಹಿಂದಕ್ಕೆ ಚೆಲ್ಲಿ ಬಾಯ್ತುಂಬ ನಗುತ್ತಿದ್ದ. ವಿನಿಫ್ರೆಡ್ ಅವಸರವಿಲ್ಲದೆ ನೋಡಿದಳು.

"ಎಲ್ಲಾ ಗಟ್ಟಿಯಾಗಿವೆ, ಅಜ್ಜೀ!"