ಮೈನಸ್ ಹದಿನೆಂಟರಲ್ಲಿ ಒಂದು ಗ್ರಾಫ್

ಮೈನಸ್ ಹದಿನೆಂಟು ಡಿಗ್ರಿ!

ಬಾಗಿಲು ಬಂದ್. ಮೈಮೇಲೆ ಅರ್ಧ ತೋಳಿನ ಅಂಗಿ. ಸುತ್ತ ನಾಲ್ಕು ಟನ್ ಐಸ್‌ಕ್ರೀಮ್.

ಹೊರಗೆ ಕಾಂದಿವಲಿ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೇ ತಿಂಗಳ ಬಿಸಿಲು. ಒಳಗೆ ನನ್ನ ಮೀಸೆ ಗಟ್ಟಿಯಾಗುತ್ತಿತ್ತು. ಈ ರೂಮಿಗೆ ಜನ ಬರುವುದು ನಾಳೆ ಬೆಳಿಗ್ಗೆ, ಲೋಡಿಂಗ್‌ಗೆ. ಅಷ್ಟರಲ್ಲಿ ನಾನೂ ಒಂದು ಫ್ಲೇವರ್ ಆಗಿರುತ್ತಿದ್ದೆ.

ನನ್ನನ್ನು ಒಳಗೆ ಹಾಕಿ ಬಾಗಿಲು ಜಡಿದವನು ಯಾರು ಗೊತ್ತೇ?

ನಾನೇ!

ಹೆಸರು ಕಾಶಿನಾಥ. ವಿಜಯಪುರದ ಕಡೆಯವನು, ಮುಂಬೈಗೆ ಬಂದು ಇಪ್ಪತ್ತಾರು ವರ್ಷ. ಫೋರ್ಟ್‌ನಿಂದ ಧಾರಾವಿಯವರೆಗೆ ಯಾರ ಸರ್ವರ್ ಮಲಗಿದರೂ ಫೋನ್ ಬರುವುದು ನನಗೆ. ಕಪ್ಪು ಪರದೆ, ಬಿಳಿ ಅಕ್ಷರ, ಹತ್ತು ಬೆರಳು. ಇಷ್ಟೇ ನನ್ನ ಆಯುಧ. ಮೌಸ್ ಹಿಡಿದು ಸರ್ವರ್ ನಡೆಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಂದು ಮಧ್ಯಾಹ್ನ ಕರೆಸಿದವರು ಕೋಲ್ಡ್ ಸ್ಟೋರೇಜ್ ಮಾಲೀಕ ಧನರಾಜ್. ಕರಾವಳಿಯವರು, ಆಳು ಗಟ್ಟಿ, ದನಿ ಇನ್ನೂ ಗಟ್ಟಿ.

"ಸರ್ವರ್ ಭಾರೀ ಸ್ಲೋ ಉಂಟು ಮಾರಾಯ್ರೇ! ನೋಡಿ ಎಂಥದ್ದು ಅಂತ. ನನ್ನ ಐಸ್‌ಕ್ರೀಮ್ ಕರಗಿದ್ರೆ ನಿಮ್ಮನ್ನ ಬಿಡುವುದಿಲ್ಲ!"

ನೋಡಿದೆ. ಅರ್ಧ ಸರ್ವರನ್ನು ತಿನ್ನುತ್ತಿದ್ದುದು ಒಂದು ಡ್ಯಾಶ್‌ಬೋರ್ಡ್. ಪ್ರತಿ ರೂಮಿಗೊಂದು ಬಣ್ಣದ ಗ್ರಾಫ್, ಬಾಗಿಲಿನ ಚಿತ್ರ, ಹಸಿರು ಬಟನ್...

"ಯಾರ್ ಮಾಡಿದ್ದಿದು ಗೊಂಬಿ ಆಟ?"

"ನಾನು, ಕಾಕಾ."

ನಮಿತಾ. ಇಪ್ಪತ್ಮೂರರ ಹುಡುಗಿ, ಕಂಪ್ಯೂಟರ್ ಕೆಲಸಕ್ಕಿದ್ದವಳು. ಅಪ್ಪ ಅಮ್ಮ ಧಾರವಾಡದವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ.

"ತಗದ ಒಗೀತೀನಿ. ಬರೇ ಬಣ್ಣ ಐತಿ."

"ಪ್ಲೀಸ್ ಕಾಕಾ... ತೀನ್ ಮಹೀನೆ... ಮೂರ್ ತಿಂಗಳ ಕುಂತು ಮಾಡೇನಿ. ಏಕ್ ಬಾರ್ ನೋಡ್ರಿ ನಾ!"

"ಸರ್ವರ್ ನಡಸೋದು ಬೆರಳಿಂದ, ಮಗಳ. ಕಣ್ಣಿಂದ ಅಲ್ಲ."

ಅವಳ ಮುಖ ಸಪ್ಪಗಾಯಿತು. ನಾನು ಕರಗಲಿಲ್ಲ. ಸರಿಯಾಗಿ ಐದು ಗಂಟೆಗೆ ಡ್ಯಾಶ್‌ಬೋರ್ಡ್ ತಾನಾಗಿಯೇ ಅಳಿಸಿಹೋಗುವಂತೆ ಒಂದು ಸಾಲು ಬರೆದಿಟ್ಟು ಎದ್ದೆ. ಫೋನನ್ನು ಅವಳ ಟೇಬಲ್ಲಿನ ಮೇಲೆ ಚಾರ್ಜಿಗೆ ಹಾಕಿದೆ. ಮೂರನೇ ರೂಮಿನಲ್ಲಿ ತಾಪಮಾನದ ಸೆನ್ಸರ್ ಸಡಿಲವಾಗಿತ್ತಂತೆ. ಲ್ಯಾಪ್‌ಟಾಪ್ ಹಿಡಿದು ಒಳಗೆ ನಡೆದೆ.

ಪರದೆಯ ಮೇಲೆ ಎರಡು ವಿಂಡೋ. ಒಂದು ಸೆನ್ಸರ್‌ಗಳ ಮಷಿನ್‌ನದು, ಇನ್ನೊಂದು ಬಾಗಿಲುಗಳ ಮಷಿನ್‌ನದು. ವೈರ್ ಮುಟ್ಟುವ ಮೊದಲು ಸೆನ್ಸರ್ ನಿಲ್ಲಿಸಬೇಕು. ‘ಸ್ಟಾಪ್’ ಎಂದು ಹೊಡೆದೆ. ಎಂಟರ್! ಹತ್ತು ನಿಮಿಷ ವೈರ್ ಬಿಗಿದೆ. ಹೊರಡಲು ಬಾಗಿಲು ತಳ್ಳಿದೆ.

ಜಪ್ಪಯ್ಯ ಎನ್ನಲಿಲ್ಲ.

ಆಗ ಪರದೆ ನೋಡಿದೆ. ಎರಡೂ ವಿಂಡೋ ಕಪ್ಪು. ಎರಡರಲ್ಲೂ ಅಕ್ಷರ ಬಿಳಿ. ನಾನು ನಿಲ್ಲಿಸಿದ್ದು ಸೆನ್ಸರನ್ನಲ್ಲ... ಬಾಗಿಲನ್ನು!

ಒಳಗಿನ ಹಿಡಿಕೆ ಎಳೆದೆ. ಅದು ಕೈಗೇ ಬಂತು.

ಇರಲಿ. ‘ಸ್ಟಾರ್ಟ್’ ಎಂದು ಹೊಡೆದರಾಯಿತು! ಹತ್ತು ನಿಮಿಷ ಸುಮ್ಮನಿದ್ದದ್ದಕ್ಕೆ ಮತ್ತೆ ಪಾಸ್‌ವರ್ಡ್ ಕೇಳಿತು. ನನ್ನ ಪಾಸ್‌ವರ್ಡ್ ಇಪ್ಪತ್ತೆರಡು ಅಕ್ಷರ, ಅದು ನನ್ನ ಹೆಮ್ಮೆ. ಬೆರಳುಗಳು ಮರಗಟ್ಟಿದ್ದವು. ಒಂದು ಕೀ ಒತ್ತಿದರೆ ಮೂರು ಕೀ ಬೀಳುತ್ತಿತ್ತು.

ತಪ್ಪು. ಮತ್ತೆ ತಪ್ಪು. ಮೂರನೇ ಸಲವೂ ತಪ್ಪು!

ಅಕೌಂಟ್ ಲಾಕ್. ಮರುಕ್ಷಣ ಚಳಿಗೆ ಬ್ಯಾಟರಿಯೂ ಸತ್ತಿತು.

ಬಾಗಿಲು ಗುದ್ದಿದೆ. ಕಂಪ್ರೆಸರ್ ಗರ್ಜನೆಯಲ್ಲಿ ಯಾರಿಗೆ ಕೇಳಬೇಕು? ವಾಚ್ ನೋಡಿದೆ. ನಾಲ್ಕು ಮೂವತ್ತೆಂಟು.

ಭಯವಾಯಿತು ಕಣ್ರೀ. ಸುಳ್ಳೇಕೆ ಹೇಳಲಿ?

ಈಗ ಈ ರೂಮಿನಿಂದ ಹೊರಗೆ ಹೋಗುತ್ತಿದ್ದುದು ಒಂದೇ ಒಂದು ಸುದ್ದಿ. ತಾಪಮಾನ. ನಾನು ತಪ್ಪಿ ನಿಲ್ಲಿಸದೆ ಬಿಟ್ಟ ಸೆನ್ಸರ್ ಇನ್ನೂ ಜೀವಂತವಾಗಿತ್ತು. ಅದನ್ನು ನೋಡುವವಳು ಈ ಕಟ್ಟಡದಲ್ಲಿ ಒಬ್ಬಳೇ. ಅವಳು ನೋಡುವುದು ಚಿತ್ರವನ್ನು. ಆ ಚಿತ್ರಕ್ಕೆ ಉಳಿದದ್ದು ಇಪ್ಪತ್ತೆರಡೇ ನಿಮಿಷ. ಅದಕ್ಕೆ ಗಡುವು ಇಟ್ಟವನೂ ನಾನೇ!

ಸೆನ್ಸರನ್ನು ವೈರ್ ಸಮೇತ ಗೋಡೆಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡೆ. ಜೀವ ಬಾಯಿಗೆ ಬಂತು. ಎರಡು ನಿಮಿಷ. ಹೊರಗೆ ತೆಗೆದೆ, ಎರಡು ನಿಮಿಷ. ಮತ್ತೆ ಕಂಕುಳು. ಮತ್ತೆ ಹೊರಗೆ. ಜೀವಮಾನದಲ್ಲಿ ಮೊದಲ ಸಲ ಗ್ರಾಫ್ ಬರೆಯುತ್ತಿದ್ದೆ, ಅದೂ ಕಂಕುಳಿನಿಂದ!

ಬಾಗಿಲ ಪಕ್ಕ ವೈರ್ ಹಾಯಲು ಕೊರೆದ ತೂತು. ಅಲ್ಲಿಂದ ಮೊದಲು ಬಂದದ್ದು ಧನರಾಜರ ದನಿ.

"ಅಯ್ಯೋ! ಕರಗಿತಾ ಎಲ್ಲ?"

"ಇಲ್ಲ ಸರ್! ಕರಗಿದ್ರ ಗ್ರಾಫ್ ಮ್ಯಾಲೇ ಹೋಗ್ತಿತ್ತು. ಇದು ಮ್ಯಾಲೆ ಕೆಳಗ, ಮ್ಯಾಲೆ ಕೆಳಗ... ಮೂರ್ ಗುಡ್ಡ! ಅಂದರ್ ಕೋಯಿ ಹೈ... ಒಳಗ ಯಾರೋ ಅದಾರ!"

"ನಮಿತಾ!" ಎಂದು ಕಿರುಚಿದೆ. "ನಾನಽ ಒಳಗ ಅದೀನಿ!"

"ಕಾಕಾ? ರುಕೋ, ಬಟನ್ ಒತ್ತತೀನಿ... ಲ್ಯಾಪ್‌ಟಾಪ್ ತಂದೇನಿ... ಅರೇ! ಬಟನ್ ಬೂದಿ ಬಣ್ಣ ಆಗೇದ! ಒತ್ತಾಕ ಬರವಲ್ದು!"

"ಬಾಗಿಲಿನ ಮಷಿನ್‌ಗೆ ಹೋಗು. ಕಪ್ಪು ವಿಂಡೋ ತಗಿ!"

"ಅದ್ರಾಗ ಮೌಸ್ ನಡೆಯೂದಿಲ್ಲ, ಕಾಕಾ!"

"ನಡೀಬಾರ್ದು! ಬೆರಳ ಹಚ್ಚು! ‘ಸ್ಟಾರ್ಟ್’ ಅಂತ ಹೊಡಿ. ನಿನ್ನ ಪಾಸ್‌ವರ್ಡ್ ಹಾಕು."

"ಪಾಸ್‌ವರ್ಡ್ ಟೈಪ್ ಮಾಡಿದ್ರ ಏನೂ ಕಾಣವಲ್ದು!"

"ಕಾಣೂದಿಲ್ಲ! ನಂಬು! ಎಂಟರ್ ಒತ್ತು!"

ಒಂದು ಕ್ಷಣ... ಎರಡು...

ಖಟ್!

ಬಾಗಿಲು ತೆರೆಯಿತು. ಮೇ ತಿಂಗಳ ಸೆಕೆ ಮುಖಕ್ಕೆ ಬಡಿಯಿತು. ಅಷ್ಟು ಸುಖ ನಾನು ಇನ್ನೆಲ್ಲೂ ಕಂಡಿಲ್ಲ. ಧನರಾಜ್ ನನ್ನನ್ನು ದಾಟಿ ಓಡಿ ಮೊದಲು ಐಸ್‌ಕ್ರೀಮ್ ಮುಟ್ಟಿ ನೋಡಿದರು.

ವಾಚಿನ ಗಾಜು ಮಂಜುಗಟ್ಟಿತ್ತು. "ಟೈಮ್ ಎಷ್ಟ?" ಎಂದೆ.

"ನಾಲ್ಕು ಐವತ್ತಾರು. ಯಾಕ್ರಿ?"

"ನಿನ್ನ ಡ್ಯಾಶ್‌ಬೋರ್ಡ್! ಐದಕ್ಕ ಅಳಿಸಿ ಹೋಗ್ತದ. ನನ್ನ ಅಕೌಂಟ್ ಲಾಕ್ ಆಗೇದ, ಕೈನೂ ಬರವಲ್ವು. ಮೊದಲು ಸರ್ವರ್‌ಗೆ ಹೋಗು. ನಾ ಹೇಳ್ತೀನಿ, ನೀ ಹೊಡಿ!"

ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹೊಡೆದಳು. ನಾನು ಬೈಯಲಿಲ್ಲ. ನಾಲ್ಕು ಐವತ್ತೊಂಬತ್ತಕ್ಕೆ ಎಂಟರ್ ಒತ್ತಿದಳು. ನಾನು ಬರೆದ ಸಾಲು ಅಳಿಯಿತು. ಐದಾಯಿತು. ಅವಳ ಗ್ರಾಫ್ ಅಲ್ಲೇ ಇತ್ತು, ಮೂರು ಗುಡ್ಡಗಳ ಸಮೇತ. ಅವಳು ಕಣ್ಣೊರೆಸಿಕೊಂಡಳು. ನಾನೂ ಮೂಗೊರೆಸಿಕೊಂಡೆ. ಚಳಿಗೆ ಅಂದೆ.

ಧನರಾಜ್ ಹೊರಗೆ ಬಂದರು.

"ಹಾಗಾದ್ರೆ ಸ್ಲೋ ಉಂಟಲ್ಲ, ಅದಕ್ಕೆ ಎಂಥ ಮಾಡುವುದು?"

"ಮೆಮೊರಿ ಹಾಕಸ್ರಿ. ಡ್ಯಾಶ್‌ಬೋರ್ಡ್ ಇರ್ಲಿ."

ನಮಿತಾ ನನ್ನ ನೀಲಿಗಟ್ಟಿದ ಬೆರಳುಗಳನ್ನು ನೋಡಿದಳು. ತುಟಿಯಂಚಿನಲ್ಲಿ ನಗು.

"ಕಾಕಾ, ರೂಮಿನ ಒಳಗೂ ಒಂದು ಬಟನ್ ಕೂಡಿಸ್ಲಿ? ಆಪ್ ಕೆ ಲಿಯೇ... ನಿಮ್ ಸಲುವಾಗಿ?"

ಇಪ್ಪತ್ತಾರು ವರ್ಷದ ಮರ್ಯಾದೆ ಒಂದು ಕಡೆ. ಹತ್ತು ಬೆರಳು ಇನ್ನೊಂದು ಕಡೆ.

"ಕೂಡಿಸು," ಎಂದೆ. "ದೊಡ್ಡದ ಇರ್ಲಿ... ಮೊಣಕೈಲೆ ಒತ್ತಾಕ ಬರೋ ಹಂಗ!"