ಎರಡನೆಯ ಬಾಟಲಿ

ಹೋದ ಬೇಸಿಗೆ, ಅರವತ್ತೆರಡರಲ್ಲಿ. ಹೆರಿಗೆಯಲ್ಲಿ ರಕ್ತ ಹರಿದು ತಂಗಿ ನೀಲವ್ವ ಬಿಳಿಚಿಕೊಂಡಿದ್ದಳು. ಹುಬ್ಬಳ್ಳಿಯ ದವಾಖಾನೆಯಲ್ಲಿ ನಾನು ರಕ್ತ ಕೊಡಲು ಕಣ್ಣು ಮುಚ್ಚಿಕೊಂಡು ತೋಳು ಚಾಚಿದೆ. ಸೂಜಿಯೆಂದರೆ ನನಗೆ ಜೀವಭಯ. ಆಗ ಪಕ್ಕದ ಕೋಣೆಯಿಂದ ಸಿಳ್ಳೆ ಕೇಳಿತು. ಮುಂದಿನ ಹಲ್ಲು ಮುರಿದಿದ್ದರಿಂದ ನಡುನಡುವೆ ಗಾಳಿ ಸೋರುವ ಆ ಸಿಳ್ಳೆ ನಮ್ಮಣ್ಣ ಫಕೀರಪ್ಪನದು. ಅವನು ತೀರಿಕೊಂಡು ವರ್ಷ ಕಳೆದಿತ್ತು.

ಕಂಪೌಂಡರ್ ಎರಡು ಬಾಟಲಿ ರಕ್ತ ಹಿಡಿದು ಬಂದ.

"ನಿಮ್ಮಣ್ಣಾವ್ರೂ ಕೊಟ್ಟು ಹೋದ್ರಲ್ರಿ! ಕೈ ಬರ್ಫದ ಗಡ್ಡಿಯಂಗ ತಣ್ಣಗಿದ್ವು. ಆದ್ರ ನಗಿಸಿ ನಗಿಸಿ ಸಾಕ್ ಮಾಡಿದ್ರು ನೋಡ್ರಿ."

ಎರಡನ್ನೂ ತಂಗಿಗೆ ಏರಿಸಿದರು. ಬಾಣಂತಿ, ಕೂಸು ಇಬ್ಬರೂ ಉಳಿದರು. ಓಣಿಗೆಲ್ಲ ಪೇಢೆ ಹಂಚಿದೆವು.

ಈಗ ನೀಲವ್ವ ತೊಟ್ಟಿಲು ತೂಗುತ್ತ ಸಿಳ್ಳೆ ಹಾಕುತ್ತಾಳೆ, ಕೂಸು ಕಿಲಕಿಲ ನಗುತ್ತದೆ. ಸಿಳ್ಳೆಯ ನಡುನಡುವೆ ಗಾಳಿ ಸೋರುತ್ತದೆ.

ಅವಳ ಹಲ್ಲು ಒಂದೂ ಮುರಿದಿಲ್ಲ.